ಅಕ್ಕನ ತಮ್ಮನ ರಿಪೋರ್ಟು

"ಅಣ್ಣಾ, ಜರಾ ಈ ಕಡಿ ಬರ್ರಿ. ನಮ್ಮ ತಮ್ಮನ ರಿಪೋರ್ಟ್ ಬಂದದ. ಏರ್ಯಾದಂತ್ರಿ."

ಅಕ್ಕ ಕರೆದ ದನಿ ಕೇಳಿಯೇ ಕೈಯಲ್ಲಿದ್ದ ಚಹಾ ಕೆಳಗಿಟ್ಟು ಎದ್ದೆ. ನಮ್ಮಿಬ್ಬರ ಮನೆಗಳ ನಡುವಿನ ಕಾಂಪೌಂಡ್ ಗೋಡೆ ಎದೆಮಟ್ಟದ್ದು. ಕರಿಬೇವಿನ ಗಿಡ ಅವರ ಕಡೆ, ಅದರ ನೆರಳು ನಮ್ಮ ಕಡೆ. ಅಕ್ಕನ ತವರು ಔರಾದ. ಆಕೆಯ ಯಜಮಾನರು ಭಾಲ್ಕಿಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು, ಓಣಿಗೆಲ್ಲ ಮಾಸ್ತರ್. ನಾನು ಹೈದರಾಬಾದಿನ ದವಾಖಾನೆಯೊಂದರ ರೇಡಿಯೇಷನ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿ ದುಡಿದು ಬೀದರಿಗೆ ಮರಳಿದವನು. ಹೀಗಾಗಿ ಯಾರ ಮನೆಗೆ ಸ್ಕ್ಯಾನು, ರಕ್ತದ ರಿಪೋರ್ಟು ಏನೇ ಬರಲಿ, ಮೊದಲು ಈ ಗೋಡೆಯ ಮೇಲೆ ಬಂದು ಕೂರುತ್ತದೆ. ನಾನು ಡಾಕ್ಟರ್ ಅಲ್ಲ ಎಂದು ಹೇಳಿಯೇ ಓದಲು ತೆಗೆದುಕೊಳ್ಳುತ್ತೇನೆ.

ಅವತ್ತು ಮಾಸ್ತರ್ ನೋಟ್‌ಬುಕ್ಕಿನ ಹಾಳೆಯೊಂದನ್ನು ಗೋಡೆಯ ಮೇಲೆ ಹರವಿದರು. ಎಡಗಡೆ ತಾರೀಖು, ಬಲಗಡೆ ಪ್ರೋಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಪಿಎಸ್‌ಎ, ನಡುವೆ ಸ್ಕೇಲ್ ಇಟ್ಟು ಎಳೆದ ಗೆರೆ. ತಮ್ಮನಿಗೆ ಪ್ರೋಸ್ಟೇಟ್ ಕ್ಯಾನ್ಸರ್ ಗೊತ್ತಾದಾಗ 7.8. ಗ್ರಂಥಿಯೊಳಗೆ ರೇಡಿಯೇಷನ್ನಿನ ಕಾಳು ಹಾಕಿಸಿ ಆರು ತಿಂಗಳಿಗೆ 2.1. ವರ್ಷಕ್ಕೆ 0.9. ಒಂದೂವರೆ ವರ್ಷಕ್ಕೆ 0.6. ಈಗ ಎರಡು ವರ್ಷಕ್ಕೆ 1.3. ಕೊನೆಯ ಅಂಕಿಯನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಬರೆದಿದ್ದರು.

"ಡಬಲ್‌ಗಿಂತ ಜಾಸ್ತಿ ಆಗ್ಯಾದ ನೋಡ್ರಿ" ಎಂದರು ಮಾಸ್ತರ್. "ಯಾರೋ ಒಬ್ಬ ಡಾಕ್ಟರ್ ರಿಪೋರ್ಟ್ ನೋಡಿ, ಕಾಯಿಲಿ ತಿರುಗಿ ಬಂದದ, ಹಾರ್ಮೋನ್ ಇಂಜೆಕ್ಷನ್ ಶುರು ಮಾಡ್ರಿ ಅಂದಾರಂತ. ಅವಾ ರಾತ್ರಿಯೆಲ್ಲ ನಿದ್ದಿ ಮಾಡಿಲ್ಲ."

"ಇಂಜೆಕ್ಷನ್ ಸದ್ಯ ಬ್ಯಾಡ ಅನ್ರಿ. ಮೊದಲ ಕಾಳು ಹಾಕಿದ ಡಾಕ್ಟರಿಗೇ ಫೋನ್ ಹಚ್ಚಲಿ. ಅವರು ಹೇಳೋ ತನಕ ಏನೂ ಮಾಡೋದು ಬ್ಯಾಡ" ಎಂದೆ.

ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಪ್ರೋಸ್ಟೇಟ್ ಕ್ಯಾನ್ಸರಿಗೆ ಒಳಗಿನಿಂದ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿಕೊಂಡವರಲ್ಲಿ, ಅದರಲ್ಲೂ 60ರ ಒಳಗಿನ ಗಂಡಸರಲ್ಲಿ, ಈ ಏರಿಕೆ ಹೊಸದಲ್ಲ. ಚಿಕಿತ್ಸೆಯಾಗಿ ಒಂದರಿಂದ ಮೂರು ವರ್ಷದೊಳಗೆ ಪಿಎಸ್‌ಎ ಒಮ್ಮೆ ಮೇಲೆದ್ದು, ಯಾವ ಔಷಧವೂ ಇಲ್ಲದೆ ತಾನಾಗಿಯೇ ಇಳಿಯುತ್ತದೆ. ಡಾಕ್ಟರುಗಳು ಇದಕ್ಕೆ ಪಿಎಸ್‌ಎ ಬೌನ್ಸ್ ಅನ್ನುತ್ತಾರೆ. ಮೂರು ನಾಲ್ಕು ಮಂದಿಯಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ, ವಯಸ್ಸು ಕಡಿಮೆ ಇದ್ದಷ್ಟೂ ಹೆಚ್ಚು. ಒಳಗೆ ಗ್ರಂಥಿ ಊದಿಕೊಂಡು, ಪೆಟ್ಟು ತಿಂದ ಜೀವಕಣಗಳು ತಡವಾಗಿ ಸಾಯುವಾಗ ಪಿಎಸ್‌ಎ ರಕ್ತಕ್ಕೆ ಸೇರುತ್ತದೆ ಎನ್ನುವುದು ಅವರ ವಿವರಣೆ. ಇದು ಗೊತ್ತಿಲ್ಲದೆ ಹಾರ್ಮೋನ್ ಇಂಜೆಕ್ಷನ್ ಶುರುಮಾಡಿದರೆ ಅಂಕಿ ಸರ್ರನೆ ಇಳಿಯುತ್ತದೆ ನಿಜ. ಆದರೆ ಅದು ತಾನಾಗಿ ಇಳಿಯುವುದಿತ್ತೋ, ನಿಜಕ್ಕೂ ಕಾಯಿಲೆ ಮರಳಿತ್ತೋ ಎನ್ನುವುದು ಮುಚ್ಚಿಹೋಗುತ್ತದೆ. ಮೇಲಿಂದ ಆ ಇಂಜೆಕ್ಷನ್ ಐವತ್ತರ ಆಸುಪಾಸಿನ ಗಂಡಸಿನ ಆಸೆ, ಮೂಳೆ, ಸ್ನಾಯು, ಮನಸ್ಸು ಎಲ್ಲವನ್ನೂ ಒಂದೊಂದಾಗಿ ಕುಗ್ಗಿಸುತ್ತದೆ.

"ಹಂಗಾದ್ರ ತಿರುಗಿ ಬಂದದ ಅಂತ ಹ್ಯಾಂಗ ಗೊತ್ತಾಗ್ತದ?" ಮಾಸ್ತರ್ ಕೇಳಿದರು.

"ಅದಕ್ಕೊಂದು ಲೆಕ್ಕ ಅದರಿ. ಇಲ್ಲೀತನಕ ಬಂದದ್ದರಾಗ ಎಲ್ಲಕ್ಕಿಂತ ಕಮ್ಮಿ ಅಂಕಿಗೆ ಎರಡು ಕೂಡಿಸ್ರಿ. ಅದನ್ನ ದಾಟಿದ್ರ ಗಂಭೀರವಾಗಿ ತಗೋಬೇಕು. ದಾಟಿದ್ರೂ ಒಂದೇ ಸಲದ ರಿಪೋರ್ಟ್ ಮ್ಯಾಲ ತೀರ್ಮಾನ ಮಾಡೋದಿಲ್ಲ, ಮತ್ತ ನೋಡ್ತಾರ."

ಮಾಸ್ತರ್ ಪೆನ್ನು ತೆಗೆದರು. "0.6ಕ್ಕ 2 ಅಂದ್ರ 2.6. ಇದು 1.3. ಬರೋಬರಿ ಅರ್ಧ!" ಎಂದು ಅಕ್ಕನ ಕಡೆ ತಿರುಗಿದರು. ಅಕ್ಕನ ಮುಖದಲ್ಲಿ ಅವತ್ತು ಮೊದಲ ಬಾರಿ ಜೀವ ಬಂತು.

ಇನ್ನೊಂದೆರಡು ಮಾತು ಕೇಳಿದೆ. ಹಿಂದಿನ ರಿಪೋರ್ಟೆಲ್ಲ ಒಂದೇ ಲ್ಯಾಬಿನವೋ? ಅಲ್ಲ, ಹಿಂದಿನವು ಹೈದರಾಬಾದಿನವು, ಇದು ಹತ್ತಿರದಲ್ಲೇ ಮಾಡಿಸಿದ್ದು. ಲ್ಯಾಬ್ ಬದಲಾದರೆ ಯಂತ್ರವೂ ರಾಸಾಯನಿಕವೂ ಬದಲಾಗಿ ಅಂಕಿಯಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ. ರಕ್ತ ಕೊಡುವ ಹಿಂದಿನ ದಿನ ಮೋಟಾರ್‌ಸೈಕಲ್ ಮೇಲೆ ದೂರ ಹೋಗಿದ್ದನೋ? ಉರಿಮೂತ್ರ ಏನಾದರೂ ಇತ್ತೋ? ಗಂಡ ಹೆಂಡತಿ ಕೂಡಿದ ಮರುದಿನವೂ ಪಿಎಸ್‌ಎ ಸ್ವಲ್ಪ ಏರಿರುತ್ತದೆ, ಎರಡು ದಿನ ಬಿಟ್ಟು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಈ ಕೊನೆಯದನ್ನು ಅಕ್ಕ ಒಳಗೆ ಹೋದಾಗ ಮಾಸ್ತರರಿಗೆ ಹೇಳಿದೆ. ಅವರು ತಲೆಯಾಡಿಸಿ ಅದನ್ನೂ ಹಾಳೆಯ ಮೂಲೆಯಲ್ಲಿ ಬರೆದುಕೊಂಡರು.

ಅಕ್ಕನ ತಮ್ಮನಿಗೆ ಕಾಯಿಲೆ ಬೇಗ ಗೊತ್ತಾದದ್ದು ಅವರಪ್ಪನಿಂದ. ಅಪ್ಪ ಸೊಂಟ ನೋವೆಂದು ಎರಡು ವರ್ಷ ಎಣ್ಣೆ ತಿಕ್ಕಿಸಿಕೊಂಡರು, ಔರಾದ ಸಂತೆಯಲ್ಲಿ ಸಿಗುವ ಬೇರುನಾರೆಲ್ಲ ಕಟ್ಟಿಸಿಕೊಂಡರು. ಹೈದರಾಬಾದಿಗೆ ಒಯ್ಯುವಷ್ಟರಲ್ಲಿ ಪ್ರೋಸ್ಟೇಟಿನ ಕ್ಯಾನ್ಸರು ಬೆನ್ನುಮೂಳೆಗೆ ಹಬ್ಬಿತ್ತು. 62ಕ್ಕೆ ತೀರಿಕೊಂಡರು. ನಮ್ಮ ಕಡೆ ಬಹಳ ಮಂದಿಗೆ ಈ ಕಾಯಿಲೆ ಗೊತ್ತಾಗುವುದೇ ಮೂಳೆಯ ನೋವಿನಿಂದ. ಶುರುವಿನಲ್ಲಿ ಏನೂ ತ್ರಾಸು ಕೊಡುವುದಿಲ್ಲ, ಮೂತ್ರ ತಡವರಿಸಿದರೂ ವಯಸ್ಸಿನದು ಅಂದುಕೊಂಡು ಸುಮ್ಮನಿರುತ್ತೇವೆ. ಅಪ್ಪನ ವರ್ಷಾಬ್ದಿಕದ ದಿನ ಮಾಸ್ತರೇ ಒತ್ತಾಯ ಮಾಡಿ ಭಾವಮೈದುನನ ಪಿಎಸ್‌ಎ ನೋಡಿಸಿದರು. ಆಗ ಅವನಿಗೆ 52. ಸಾಮಾನ್ಯವಾಗಿ 4ರವರೆಗೆ ಸರಿ ಅನ್ನುತ್ತಾರೆ, ಐವತ್ತರ ಆಸುಪಾಸಿಗೆ ಅದಕ್ಕೂ ಕಡಿಮೆ ಇರಬೇಕು. ಅವನದು 7.8. ಎಂಆರ್‌ಐ ಆಯಿತು, ಬಯಾಪ್ಸಿ ಆಯಿತು. ಕಾಯಿಲೆಯ ಬಿರುಸು ಹೇಳುವ ಗ್ಲೀಸನ್ ಅಂಕ 3+4, ಗಡ್ಡೆ ಗ್ರಂಥಿಯೊಳಗೇ ಇತ್ತು.

ಇದೇ ಗ್ಲೀಸನ್ 3+3 ಆಗಿದ್ದರೆ ಅನೇಕ ಬಾರಿ ತಕ್ಷಣ ಏನನ್ನೂ ಮಾಡದೆ ರಕ್ತ, ಎಂಆರ್‌ಐ ನೋಡುತ್ತ ಕಾಯುವುದೇ ಸರಿಯಾದ ದಾರಿ. ಬ್ರಿಟನ್ನಿನಲ್ಲಿ 50ರಿಂದ 69 ವರ್ಷದ 1,643 ಗಂಡಸರನ್ನು ಮೂರು ಗುಂಪು ಮಾಡಿ, ಕೆಲವರಿಗೆ ಆಪರೇಷನ್, ಕೆಲವರಿಗೆ ಹೊರಗಿನಿಂದ ರೇಡಿಯೇಷನ್, ಉಳಿದವರಿಗೆ ಬರೀ ನಿಗಾ ಎಂದು ಇಟ್ಟು 15 ವರ್ಷ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಮೂರರಲ್ಲಿ ಯಾವ ಗುಂಪಿನಲ್ಲಿದ್ದರೂ ಈ ಕಾಯಿಲೆಯಿಂದ ಸತ್ತವರು ನೂರಕ್ಕೆ ಸುಮಾರು ಮೂವರು. ಔರಾದಿನ ತಮ್ಮ ಆಗ ಗಾಬರಿಯಲ್ಲಿ "ನಾಳಿಗೇ ಕೊಯ್ಸಿ ಒಗೀತೀನಿ" ಅಂದಾಗ ನಾನು ಮೊದಲು ಹೇಳಿದ್ದು ಇದನ್ನೇ: ಎರಡು ತಿಂಗಳು ವಿಚಾರ ಮಾಡಲು ನಿನಗೆ ಟೈಮ್ ಅದ.

ವಿಚಾರ ಎಲ್ಲಿ ಮಾಡುವುದು? ಬೀದರಿನವರಿಗೆ ದವಾಖಾನೆ ಎಂದರೆ ಮೊದಲಿಂದಲೂ ಹೈದರಾಬಾದು. ಅಲ್ಲಿಯ ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ 1955ರಲ್ಲಿ ಶುರುವಾದಾಗ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮರುವರ್ಷ ನಾವು ಮೈಸೂರು ರಾಜ್ಯಕ್ಕೆ ಬಂದೆವು, ನಮ್ಮ ರೋಗಿಗಳು ಮಾತ್ರ ಹೈದರಾಬಾದಿಗೆ ಹೋಗುವ ಜಹೀರಾಬಾದ್ ದಾರಿ ಬಿಡಲಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 700 ಕಿಲೋಮೀಟರ್ ಆಚೆ, ಹೈದರಾಬಾದು 140. ಈಗ ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಇದೆ, 2017ರಿಂದ ಅಲ್ಲಿಗೆ ಬೀದರಿನಿಂದ ನೇರ ರೈಲೂ ಆಗಿದೆ. ಭಾಲ್ಕಿ, ಔರಾದ ಕಡೆಯವರು ಉದಗೀರ, ಲಾತೂರ, ಸೊಲ್ಲಾಪುರಕ್ಕೂ ಹೋಗುತ್ತಾರೆ. ಆರೋಗ್ಯ ಕರ್ನಾಟಕದ ಕಾರ್ಡ್ ಇದ್ದವರು ಮೊದಲು ಇಲ್ಲಿಯ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ನಲ್ಲಿ ತೋರಿಸಿ ರೆಫರಲ್ ಬರೆಸಿಕೊಳ್ಳುವುದನ್ನು ಮರೆಯಬಾರದು. ಆ ಒಂದು ಚೀಟಿ ಇಲ್ಲದೆ ಕೈಯಿಂದ ಹಣ ಕಟ್ಟಿದವರನ್ನು ಎಷ್ಟೋ ನೋಡಿದ್ದೇನೆ.

ತಮ್ಮನಿಗೆ ಒಂದು ಕಡೆ ಆಪರೇಷನ್, ಇನ್ನೊಂದು ಕಡೆ ಒಳಗಿನ ರೇಡಿಯೇಷನ್ ಎಂದು ಎರಡು ಮಾತು ಸಿಕ್ಕಿತು. ಒಬ್ಬ ಸರ್ಜನ್, "ನಿಮಗೆ ವಯಸ್ಸು ಸಣ್ಣದು, ಆಪರೇಷನ್ ಮಾಡಿಸಿ ಗ್ರಂಥಿಯನ್ನೇ ತೆಗೆಸಿಬಿಡಿ, ರೇಡಿಯೇಷನ್ ವಯಸ್ಸಾದವರಿಗೆ" ಎಂದರು. ಈ ಮಾತು ಹುಸಿಯೇನಲ್ಲ. ಗ್ರಂಥಿ ತೆಗೆದ ಮೇಲೆ ಪಿಎಸ್‌ಎ ಸೊನ್ನೆಯ ಹತ್ತಿರ ಬರುತ್ತದೆ, ನಿಗಾ ಇಡುವುದು ಸುಲಭ. ಮುಂದೆ ಕಾಯಿಲೆ ಮರಳಿದರೆ ರೇಡಿಯೇಷನ್ ಕೊಡಬಹುದು. ಮೊದಲೇ ರೇಡಿಯೇಷನ್ ಆದವರಿಗೆ ಆಮೇಲೆ ಆಪರೇಷನ್ ಮಾಡುವುದು ಬಹಳ ಕಷ್ಟ, ತೊಂದರೆಯೂ ಜಾಸ್ತಿ. ಆದರೆ "ವಯಸ್ಸು ಸಣ್ಣದಾದ್ದರಿಂದ ಒಳಗಿನ ರೇಡಿಯೇಷನ್ ಕೆಲಸ ಮಾಡುವುದಿಲ್ಲ" ಎಂದು ಯಾರಾದರೂ ಹೇಳಿದರೆ ಅದನ್ನು ನಾನು ಒಪ್ಪುವುದಿಲ್ಲ. ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯವರು 1,600ಕ್ಕೂ ಹೆಚ್ಚು ರೋಗಿಗಳಲ್ಲಿ 60ರ ಒಳಗಿನವರನ್ನೂ ಮೇಲಿನವರನ್ನೂ ಹೋಲಿಸಿ 2010ರಲ್ಲಿ ವರದಿ ಕೊಟ್ಟರು. ಸಣ್ಣ ವಯಸ್ಸಿನವರ ಫಲಿತಾಂಶ ಕಡಿಮೆಯೇನೂ ಇರಲಿಲ್ಲ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ವೈದ್ಯರು 60 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ 597 ಜನರನ್ನು ಹಿಂಬಾಲಿಸಿ 2018ರಲ್ಲಿ ಬರೆದರು. ಕಾಯಿಲೆ ಕಡಿಮೆ ಅಥವಾ ಮಧ್ಯಮ ಅಪಾಯದ್ದಾಗಿದ್ದವರಲ್ಲಿ ಹತ್ತು ವರ್ಷದ ನಂತರವೂ ನೂರಕ್ಕೆ ಸುಮಾರು 90 ಅಥವಾ ಅದಕ್ಕೂ ಹೆಚ್ಚು ಜನ ಕಾಯಿಲೆ ಮರಳದೆ ಇದ್ದರು.

ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದ ಆಂಡಿ ಗ್ರೋವ್ ಅವರ ಕಥೆಯನ್ನೂ ತಮ್ಮನಿಗೆ ಹೇಳಿದೆ. 1995ರಲ್ಲಿ, 58ನೇ ವಯಸ್ಸಿನಲ್ಲಿ, ಅವರಿಗೆ ಇದೇ ಕಾಯಿಲೆ. ಸರ್ಜನ್ನುಗಳೆಲ್ಲ ಆಪರೇಷನ್ ಅಂದರು. ಗ್ರೋವ್ ತಾವೇ ವೈದ್ಯಕೀಯ ಲೇಖನಗಳನ್ನು ತರಿಸಿ ಓದಿ, ಅಂಕಿಅಂಶಗಳನ್ನು ಗ್ರಾಫ್ ಮಾಡಿ, ಸಿಯಾಟಲ್‌ಗೆ ಹೋಗಿ ಸೂಜಿಗಳ ಮೂಲಕ ಒಳಗಿನ ರೇಡಿಯೇಷನ್ನನ್ನೂ ಜೊತೆಗೆ ಹೊರಗಿನದ್ದನ್ನೂ ತೆಗೆದುಕೊಂಡರು. 1996ರಲ್ಲಿ ಫಾರ್ಚೂನ್ ಪತ್ರಿಕೆಯಲ್ಲಿ ಎಲ್ಲವನ್ನೂ ಬಿಚ್ಚಿ ಬರೆದರು. ಅಂಥ ಸ್ಥಾನದಲ್ಲಿದ್ದ ಗಂಡಸು ತನ್ನ ಮೂತ್ರದ್ದು, ಸಂಸಾರದ್ದು ಹೀಗೆ ಬರೆದದ್ದು ಆಗ ದೊಡ್ಡ ಸುದ್ದಿಯಾಯಿತು. ಅವರು ತೀರಿಕೊಂಡದ್ದು 2016ರಲ್ಲಿ, 79ಕ್ಕೆ. ತಮ್ಮನಿಗೆ ಇಷ್ಟು ಹೇಳುವಾಗ ಒಂದನ್ನು ಸೇರಿಸಿದೆ. ಗ್ರೋವ್ ಅವರ ಆಯ್ಕೆ ಗ್ರೋವ್ ಅವರದು. ನೀನು ನಿನ್ನ ಗ್ರಂಥಿಯ ಗಾತ್ರ ಎಷ್ಟು, ಮೂತ್ರ ಈಗ ಸರಾಗ ಇದೆಯೋ ಇಲ್ಲವೋ, ಮುಂಚೆ ಗ್ರಂಥಿ ಕೆರೆಸಿದ್ದೀಯೋ ಇಲ್ಲವೋ ಎಂದು ನೋಡಿಸಿಕೋ. ಗ್ರಂಥಿ ಬಹಳ ದೊಡ್ಡದಿದ್ದರೆ, ಈಗಾಗಲೇ ಮೂತ್ರ ಕಟ್ಟುತ್ತಿದ್ದರೆ, ಈ ಚಿಕಿತ್ಸೆ ತ್ರಾಸು ಕೊಡುತ್ತದೆ.

ತಮ್ಮ ಕೊನೆಗೆ ಮುಂಬೈಗೆ ಹೋಗಿ ಅಯೋಡಿನ್-125ರ ಕಾಳು ಹಾಕಿಸಿಕೊಂಡ. ಟೈಟೇನಿಯಂ ಕವಚದ ಈ ಕಾಳು ನಾಲ್ಕೂವರೆ ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್‌ಗೂ ಕಡಿಮೆ ದಪ್ಪ. ನಮ್ಮ ದೇಶದಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಕಣ್ಣಿನ ಗಡ್ಡೆಗೂ ಪ್ರೋಸ್ಟೇಟಿಗೂ ಆಗುವಂತೆ ಇದನ್ನು ತಯಾರಿಸಿದ್ದಾರೆ. ಬೆನ್ನಿಗೆ ಅರಿವಳಿಕೆ ಕೊಟ್ಟು, ಗುದದ್ವಾರದಲ್ಲಿ ಅಲ್ಟ್ರಾಸೌಂಡ್ ಇಟ್ಟು, ಪರದೆಯ ಮೇಲೆ ನೋಡುತ್ತ, ತೂತುಗಳ ಒಂದು ಹಲಗೆಯ ಮೂಲಕ ಸೂಜಿ ಇಳಿಸಿ ಒಂದೊಂದೇ ಕಾಳು ಬಿಡುತ್ತಾರೆ. ಆ ಹಲಗೆಯ ಚಿತ್ರ ತೋರಿಸಿದಾಗ ತಮ್ಮ, "ಇದು ನಮ್ಮ ಕೂರಿಗಿ ಇದ್ದಂಗದ" ಅಂದನಂತೆ. ಬಿತ್ತುವವನು ಸಾಲು ತಪ್ಪಿಸಿದರೆ ಹೊಲದಲ್ಲಿ ಒಂದು ಕಡೆ ದಟ್ಟ, ಒಂದು ಕಡೆ ಬಯಲು. ಇಲ್ಲೂ ಅಷ್ಟೇ. ನಡುವೆ ಮೂತ್ರನಾಳ ಹಾಯುತ್ತದೆ, ಹಿಂದೆ ಗುದನಾಳ ಅಂಟಿಕೊಂಡಿದೆ. ಅವೆರಡನ್ನು ಉಳಿಸಿ ಉಳಿದೆಲ್ಲೆಡೆ ಸಮನಾಗಿ ಬೀಳಬೇಕು.

ಇದು ಇವತ್ತಿನ ವಿಚಾರವೂ ಅಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ 1903ರಲ್ಲೇ, ರೇಡಿಯಂ ತುಣುಕನ್ನು ಗಾಜಿನ ನಳಿಗೆಯಲ್ಲಿಟ್ಟು ಗಡ್ಡೆಯೊಳಗೇ ಇಡಬಾರದೇಕೆ ಎಂದು ಡಾಕ್ಟರೊಬ್ಬರಿಗೆ ಕಾಗದ ಬರೆದಿದ್ದರು. 1910ರ ದಶಕದಲ್ಲಿ ಪ್ಯಾರಿಸ್, ನ್ಯೂಯಾರ್ಕಿನ ವೈದ್ಯರು ಪ್ರೋಸ್ಟೇಟಿಗೇ ರೇಡಿಯಂ ಇಟ್ಟು ನೋಡಿದರು. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹೊಟ್ಟೆ ಕೊಯ್ದು ಕೈ ಅಂದಾಜಿನ ಮೇಲೆ ಅಯೋಡಿನ್ ಕಾಳು ಇಟ್ಟರು. ಕಾಳು ಸಮನಾಗಿ ಬೀಳದೆ ಎಷ್ಟೋ ಜನರಿಗೆ ಕಾಯಿಲೆ ಮರಳಿತು, ಆ ಪದ್ಧತಿಯೇ ಹೆಸರು ಕೆಡಿಸಿಕೊಂಡಿತು. 1983ರಲ್ಲಿ ಕೋಪನ್‌ಹೇಗನ್‌ನ ಹೋಲ್ಮ್ ಎಂಬ ವೈದ್ಯರು ಅಲ್ಟ್ರಾಸೌಂಡ್ ಹಿಡಿದು ಮಾಡಿ ತೋರಿಸಿದ ಮೇಲೆ, 1985ರಲ್ಲಿ ಸಿಯಾಟಲ್‌ನವರು ಅದನ್ನು ಕೈಗೆತ್ತಿಕೊಂಡ ಮೇಲೆ ಲೆಕ್ಕವೇ ಬದಲಾಯಿತು. ಅದಕ್ಕೇ ನಾನು ಹೇಳುವುದು, ಇಲ್ಲಿ ಔಷಧಕ್ಕಿಂತ ಕೈ ಮುಖ್ಯ. ನೀವು ಇಂಥ ಕೇಸು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಹಾಕಿದ ಒಂದು ತಿಂಗಳಿಗೆ ಸಿಟಿ ಮಾಡಿಸಿ ಕಾಳು ಎಲ್ಲಿ ಬಿದ್ದಿವೆ ಎಂದು ಪರೀಕ್ಷೆ ಮಾಡುತ್ತೀರಾ ಎಂದು ಡಾಕ್ಟರನ್ನು ನೇರವಾಗಿ ಕೇಳಬೇಕು. ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಳು ಒಳಗೇ ಉಳಿಯದ ಇನ್ನೊಂದು ರೀತಿಯೂ ಇದೆ. ನಾನು ನಡೆಸುತ್ತಿದ್ದದ್ದು ಅದರದೇ ಯಂತ್ರ. ತಂತಿಯ ತುದಿಯಲ್ಲಿ ಇರಿಡಿಯಂ-192, ಅದು ಸೂಜಿಗಳೊಳಗೆ ಒಂದೊಂದಾಗಿ ಹೋಗಿ, ಅಲ್ಲಲ್ಲಿ ಕೆಲವು ಸೆಕೆಂಡ್ ನಿಂತು ವಾಪಸ್ ಪೆಟ್ಟಿಗೆಗೆ ಬರುತ್ತದೆ. ನನ್ನ ಟೇಬಲ್ಲಿನ ಮೇಲೆ ಮಲಗಿದವರಲ್ಲಿ ಬಹುಪಾಲು ಗರ್ಭಕಂಠದ ಕ್ಯಾನ್ಸರಿನ ಹೆಣ್ಣುಮಕ್ಕಳು, ನಾರಾಯಣಖೇಡದವರು, ಬೀದರಿನವರು, ಬಸವಕಲ್ಯಾಣದವರು. ಯಂತ್ರ ಅದೇ, ವಿದ್ಯೆಯೂ ಅದೇ. ಅದನ್ನು ಪ್ರೋಸ್ಟೇಟಿಗೆ ಬಳಸುವ ಕೈಗಳು ನಮ್ಮಲ್ಲಿ ಕಡಿಮೆ. ಕಾಳಿಗೆ ಹಣ ಜಾಸ್ತಿ, ಕೇಂದ್ರಗಳೂ ಕಡಿಮೆ. ಆದ್ದರಿಂದ ಕಾಳೇ ಬೇಕು ಎಂದು ಹಟ ಹಿಡಿಯದೆ ಈ ಇರಿಡಿಯಂ ದಾರಿಯನ್ನೂ ಕೇಳಿನೋಡಬೇಕು.

ಮಾಸ್ತರರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅಯೋಡಿನ್ನಿನ ಲೆಕ್ಕ. ಅದರ ಶಕ್ತಿ ಸುಮಾರು 60 ದಿನಕ್ಕೆ ಅರ್ಧ, ಮತ್ತೆ 60ಕ್ಕೆ ಅದರ ಅರ್ಧ. "ಗುಣೋತ್ತರ ಶ್ರೇಣಿ!" ಎಂದು ಅವರು ಗೋಡೆ ತಟ್ಟಿದರು. "ಆರು ತಿಂಗಳಿಗೆ ಎಂಟರಾಗ ಒಂದು ಭಾಗ ಅಷ್ಟೇ ಉಳೀತದ." ಹೌದು, ವರ್ಷ ಕಳೆಯುವಷ್ಟರಲ್ಲಿ ಕಾಳು ಬರೀ ಲೋಹ. ಈ ಲೆಕ್ಕ ಆ ಮನೆಯಲ್ಲಿ ನಿಜವಾಗಿಯೂ ಕೆಲಸಕ್ಕೆ ಬಂತು. ಕಾಳು ಹಾಕಿಸಿಕೊಂಡು ತಮ್ಮ ಔರಾದಕ್ಕೆ ಬಂದಾಗ ಮಗಳು ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬರುವವಳಿದ್ದಳು. ಅವನ ಹೆಂಡತಿ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಮಗಳನ್ನ ಕರ್ಕೊಂಡು ಬರ್ಲೋ ಬ್ಯಾಡೋ?" ಕಾಯಿಲೆಯ ಬಗ್ಗೆ ಅಲ್ಲ, ಗಂಡನ ಬಗ್ಗೆಯೂ ಅಲ್ಲ. ಆಸ್ಪತ್ರೆಯವರು ಕೊಟ್ಟ ಹಾಳೆಯನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ಅಯೋಡಿನ್ನಿನ ಕಿರಣ ಬಲಹೀನ, ಬಹುಪಾಲು ಮೈಯೊಳಗೇ ತಡೆದು ನಿಲ್ಲುತ್ತದೆ. ಒಂದೇ ಮನೆಯಲ್ಲಿರಬಹುದು, ಅದೇ ತಟ್ಟೆ ಅದೇ ಬಚ್ಚಲು ಬಳಸಬಹುದು. ಮೊದಲ ಎರಡು ತಿಂಗಳು ಬಸುರಿಯ ಪಕ್ಕ ಒತ್ತಿ ಕೂರುವುದು ಬೇಡ, ಸಣ್ಣ ಮಕ್ಕಳನ್ನು ಬಹಳ ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡ. ಮಗಳು ಬಂದಳು. ಅಪ್ಪನ ಮಂಚ ಪಡಸಾಲೆಗೆ ಬಂತು, ಊಟದ ಹೊತ್ತಿಗೆ ಅವಳು ಅಡುಗೆಮನೆಯ ಬಾಗಿಲಲ್ಲಿ, ಇವನು ಇತ್ತ ಕಂಬದ ಹತ್ತಿರ. ಕೂಸು ಹುಟ್ಟುವಷ್ಟರಲ್ಲಿ ನಾಲ್ಕು ತಿಂಗಳು ದಾಟಿತ್ತು, ಅಜ್ಜನ ಮಡಿಲಿಗೆ ಯಾವ ಅಡ್ಡಿಯೂ ಇರಲಿಲ್ಲ.

ಮೊದಲ ತಿಂಗಳುಗಳು ಸುಲಭವಿರಲಿಲ್ಲ ಎನ್ನುವುದನ್ನು ಮುಚ್ಚಿಡಬಾರದು. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದ, ಉರಿ, ಸಣ್ಣ ಧಾರೆ. ಮೂತ್ರ ಸಡಿಲಿಸುವ ಗುಳಿಗೆ ಬಹಳ ದಿನ ನುಂಗಿದ. ಕೆಲವರಿಗೆ ಪೂರ್ತಿ ಕಟ್ಟಿ ಕೆಲವು ದಿನ ನಳಿಗೆ ಹಾಕಬೇಕಾಗುತ್ತದೆ. ಕೆನಡಾದಲ್ಲಿ 398 ಗಂಡಸರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಹೊರಗಿನ ರೇಡಿಯೇಷನ್ನಿಗೆ ಕಾಳನ್ನೂ ಸೇರಿಸಿದಾಗ ಕಾಯಿಲೆ ಮರಳುವುದು ಬಹಳ ತಗ್ಗಿತು, ಆದರೆ ಮೂತ್ರದ ಗಂಭೀರ ತೊಂದರೆಗಳು ಹೆಚ್ಚಾದವು. ಎರಡೂ ಒಟ್ಟಿಗೇ ಬರುತ್ತವೆ, ಡಾಕ್ಟರ್ ಎರಡನ್ನೂ ಹೇಳಬೇಕು, ರೋಗಿ ಎರಡನ್ನೂ ಕೇಳಬೇಕು.

ಇನ್ನು ಯಾರೂ ಗೋಡೆಯ ಮೇಲೆ ಇಟ್ಟು ಮಾತಾಡದ ವಿಷಯ. ಒಂದು ಸಂಜೆ ತಮ್ಮನೇ ಬೀದರಿಗೆ ಬಂದಿದ್ದ, ಮಾಸ್ತರ್ ಹಾಲು ತರಲು ಹೋದದ್ದನ್ನು ನೋಡಿ ಗೋಡೆಯ ಹತ್ತಿರ ಬಂದ. "ಅಣ್ಣಾರ, ನನ್ನ ಸಂಸಾರ ಮುಗೀತಂತ ತಿಳ್ಕೋಬೇಕೇನ್ರಿ?" ಕಣ್ಣು ಕರಿಬೇವಿನ ಗಿಡದ ಮೇಲಿತ್ತು. ನಾನು ಗೊತ್ತಿದ್ದಷ್ಟು ನೇರವಾಗಿ ಹೇಳಿದೆ. ಮೊದಲು ಎಲ್ಲ ಚೆನ್ನಾಗಿದ್ದು ವಯಸ್ಸು 60ರ ಒಳಗಿದ್ದರೆ ಹೆಚ್ಚಿನವರಿಗೆ ಕೂಡುವ ಶಕ್ತಿ ಉಳಿಯುತ್ತದೆ, ಕೆಲವರಿಗೆ ಗುಳಿಗೆಯ ಸಹಾಯ ಬೇಕಾಗುತ್ತದೆ. ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪ ಕುಗ್ಗಬಹುದು. ವೀರ್ಯ ಬಹಳ ಕಡಿಮೆಯಾಗುತ್ತದೆ, ಮೊದಮೊದಲು ಕೆಂಪಗೆ ಬರಬಹುದು, ಅದಕ್ಕೆ ಗಾಬರಿ ಬೇಡ. ಮೊದಲ ಕೆಲವು ಸಲ ನಿರೋಧ್ ಬಳಸಬೇಕು, ಅಪರೂಪಕ್ಕೆ ಕಾಳು ಹೊರಬರುವುದುಂಟು. ಇನ್ನೂ ಮಕ್ಕಳು ಬೇಕೆನ್ನುವವರು ಚಿಕಿತ್ಸೆಗೆ ಮೊದಲೇ ವೀರ್ಯ ಶೇಖರಿಸಿ ಇಡಿಸಬೇಕು. ಅವನು ಎಲ್ಲ ಕೇಳಿ, "ಇದನ್ನ ದವಾಖಾನ್ಯಾಗ ಯಾರೂ ಹೇಳ್ಲಿಲ್ರಿ" ಎಂದ. ನಾನಾದರೂ ಎಷ್ಟು ವರ್ಷ ಆ ವಿಭಾಗದಲ್ಲಿದ್ದೆ, ಗಂಡಸರು ಈ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳಿದ್ದನ್ನು ನೋಡಿದ್ದು ಬಹಳ ವಿರಳ. ಕೇಳದೇ ಇದ್ದರೆ ಯಾರೂ ಹೇಳುವುದಿಲ್ಲ, ಹೇಳದೇ ಇದ್ದದ್ದಕ್ಕೆ ಮನೆಯಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಸುಮ್ಮನೆ ಕೊರಗುತ್ತಾರೆ. ಇದು ನನಗೆ ಬಹಳ ನೋವಿನ ಸಂಗತಿ.

52ಕ್ಕೆ ಚಿಕಿತ್ಸೆ ಆದವನ ಮುಂದೆ 30 ವರ್ಷ ಬದುಕಿದೆ. ಎಪ್ಪತ್ತೈದರವನಿಗೆ ಹೇಳದಿದ್ದರೂ ನಡೆಯುವ ಎರಡು ಮಾತು ಇವನಿಗೆ ಹೇಳಲೇಬೇಕಿತ್ತು. ರೇಡಿಯೇಷನ್ ಆದ ಹತ್ತಾರು ವರ್ಷಕ್ಕೆ ಮೂತ್ರಚೀಲದಲ್ಲೋ ಗುದನಾಳದಲ್ಲೋ ಬೇರೆ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಸಣ್ಣ ಅಪಾಯ, ಆದರೆ ಇದೆ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡಬಾರದು. ಬೀಡಿ ಆ ಅಪಾಯವನ್ನು ಮತ್ತಷ್ಟು ಏರಿಸುತ್ತದೆ. ತಮ್ಮ ಬೀಡಿ ಬಿಟ್ಟ, ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ತಳಿಯ ಹೋರಿಗಳ ನಡುವೆ ಗೆಳೆಯರು ಕೊಟ್ಟರೂ ಮುಟ್ಟಲಿಲ್ಲವಂತೆ. ಎರಡನೆಯದು ಬಹಳ ಜನರಿಗೆ ಗೊತ್ತಿಲ್ಲ. ಮುಂದೆ ಯಾವಾಗಲಾದರೂ ಬೇರೆ ಕಾರಣಕ್ಕೆ ಗುದನಾಳದೊಳಗೆ ಕ್ಯಾಮೆರಾ ಹಾಕಿ ನೋಡಿದಾಗ ಮುಂಭಾಗದ ಗೋಡೆಯಲ್ಲಿ ಕೆಂಪು ಕಲೆ ಕಾಣಬಹುದು. ಅದು ರೇಡಿಯೇಷನ್ನಿನ ಗುರುತು. ಹೊಸ ಡಾಕ್ಟರ್ ಅನುಮಾನಪಟ್ಟು ಅಲ್ಲಿಂದ ಚೂರು ತೆಗೆದರೆ ಆ ಗಾಯ ಮಾಯದೆ ತೂತಾಗುವ ಭಯವಿದೆ. ಆದ್ದರಿಂದ ಯಾವ ದವಾಖಾನೆಗೆ ಹೋದರೂ "ನನಗೆ ಕಾಳು ಹಾಕ್ಯಾರ, ಮೊದಲ ಅವರನ್ನ ಕೇಳ್ರಿ" ಎಂದು ಹೇಳಬೇಕು. ಆಸ್ಪತ್ರೆಯ ಕಾರ್ಡನ್ನು ಅವನು ಆಧಾರ್ ಕಾರ್ಡಿನ ಹಿಂದೆ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾನೆ.

ಆ 1.3ರ ಕಥೆ ಏನಾಯಿತು ಅಂದರೆ, ಮುಂಬೈ ಡಾಕ್ಟರ್ ಫೋನಿನಲ್ಲಿ, "ಇಂಜೆಕ್ಷನ್ ಬೇಡ, ಮೂರು ತಿಂಗಳು ಬಿಟ್ಟು ಅದೇ ಹಳೆಯ ಲ್ಯಾಬಿನಲ್ಲಿ ನೋಡಿಸಿ" ಎಂದರು. ಮೂರು ತಿಂಗಳಿಗೆ 1.5. ಅಕ್ಕ ಎರಡು ದಿನ ಗೋಡೆಯ ಹತ್ತಿರ ಬರಲಿಲ್ಲ. ಮಾಸ್ತರ್ ಮಾತ್ರ ಹಾಳೆಯ ಮೇಲೆ 2.6ರಲ್ಲಿ ಅಡ್ಡಗೆರೆ ಎಳೆದು, "ಇನ್ನೂ ಜಾಗ ಅದ" ಎನ್ನುತ್ತಿದ್ದರು. ಮತ್ತೆ ಮೂರು ತಿಂಗಳಿಗೆ 0.7. ಅದರ ಮುಂದಿನದು 0.3. ಮಾಸ್ತರ್ ಆ ಎರಡನ್ನೂ ನೀಲಿ ಪೆನ್ನಿನಲ್ಲಿ ಬರೆದರು. ನಾಲ್ಕು ವರ್ಷದ ಹೊತ್ತಿಗೆ 0.2 ಅಥವಾ ಅದರ ಕೆಳಗೆ ಬಂದರೆ ಡಾಕ್ಟರುಗಳು ಬಹಳ ಧೈರ್ಯದಿಂದ ಮಾತಾಡುತ್ತಾರೆ. ಇನ್ನೂ ಆ ದಿನ ಬಂದಿಲ್ಲ.

ಈಗ ಅಕ್ಕನಿಗೆ ಬೇರೆ ಚಿಂತೆ. ಮೊನ್ನೆ ಕರಿಬೇವು ಕೊಡಲು ಬಂದವರು ಅಲ್ಲೇ ನಿಂತರು. "ಅಪ್ಪಗೂ ಇತ್ತು, ಇವನಿಗೂ ಬಂತು. ಭಾಲ್ಕ್ಯಾಗಿರೋ ಸಣ್ಣ ತಮ್ಮಗ 46. ಅವಾ ಏನ್ ಮಾಡ್ಬೇಕ್ರಿ?"

ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ 45ಕ್ಕೆ, ಒಬ್ಬರಿಗಿಂತ ಹೆಚ್ಚು ಜನಕ್ಕೆ ಸಣ್ಣ ವಯಸ್ಸಿನಲ್ಲೇ ಬಂದಿದ್ದರೆ 40ಕ್ಕೇ ಪಿಎಸ್‌ಎ ಶುರುಮಾಡಬೇಕು, ಸಣ್ಣ ತಮ್ಮ ಈ ವಾರವೇ ಮಾಡಿಸಲಿ ಎಂದೆ. ಆಮೇಲೆ ಕೇಳಿದೆ, "ಅಕ್ಕಾ, ನಿಮ್ಮ ತವರಮನಿಯಾಗ ಯಾರಿಗಾರ ಎದಿ ಗಡ್ಡಿ, ಅಂಡಾಶಯದ ಗಡ್ಡಿ ಆಗಿತ್ತೇನ್ರಿ?"

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದರು. "ಅಪ್ಪನ ತಂಗಿ. ಭಾಲ್ಕಿಗೇ ಕೊಟ್ಟಿದ್ರು. ಎದಿ ಗಡ್ಡಿ ಆಗಿ ಸತ್ತಳು. ನಲವತ್ತೂ ಆಗಿರಲಿಲ್ಲ. ಅದಕ್ಕೂ ಇದಕ್ಕೂ ಏನ್ ಸಂಬಂಧ ಅಣ್ಣಾ?"

ಸಂಬಂಧ ಇರಬಹುದು. ಬಿಆರ್‌ಸಿಎ-2 ಎಂಬ ಜೀನ್ ಕೆಟ್ಟಿದ್ದರೆ ಗಂಡಸರಲ್ಲಿ ಸಣ್ಣ ವಯಸ್ಸಿಗೇ ಪ್ರೋಸ್ಟೇಟ್ ಕ್ಯಾನ್ಸರ್, ಹೆಂಗಸರಲ್ಲಿ ಸ್ತನದ್ದು, ಅಂಡಾಶಯದ್ದು ಬರುವ ಸಂಭವ ಹೆಚ್ಚು. ಅಪ್ಪನಿಂದ ಅದು ಮಗನಿಗೆ ಬರುವಷ್ಟೇ ಮಗಳಿಗೂ ಬರುತ್ತದೆ. ರಕ್ತದ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮೊದಲು ಕಾಯಿಲೆ ಬಂದವನ ರಕ್ತ ನೋಡಬೇಕು, ಅಂದರೆ ಔರಾದಿನ ತಮ್ಮನದು. ಅವನಲ್ಲಿ ಸಿಕ್ಕರೆ ಆಮೇಲೆ ಭಾಲ್ಕಿಯ ತಮ್ಮ, ಅಕ್ಕ, ಅಕ್ಕನ ಮಗಳು, ತಮ್ಮನ ಮಗಳು, ಎಲ್ಲರೂ ಡಾಕ್ಟರ ಹತ್ತಿರ ಕೂತು ಮಾತಾಡಬೇಕು. ಸಿಗದಿದ್ದರೆ ಒಂದು ಭಾರ ಇಳಿಯುತ್ತದೆ.

ಅಕ್ಕ ಕರಿಬೇವಿನ ಕಟ್ಟನ್ನು ಗೋಡೆಯ ಮೇಲಿಟ್ಟು ಸೆರಗಿನಿಂದ ಮೊಬೈಲ್ ತೆಗೆದರು. ಔರಾದಿನ ನಂಬರ್ ಬ್ಯುಸಿ ಇತ್ತು. "ಇರ್ಲಿ, ಮೊದಲ ಭಾಲ್ಕಿಗೇ ಹಚ್ತೀನಿ" ಎಂದರು.